ಊದೋ, ಕೇದಗೆಯೋ?

ನಮ್ಮ ಮಂಗಳೂರಿನ ಚಳಿಗೆ ನಾಚಿಕೆ ಹೆಚ್ಚು. ಡಿಸೆಂಬರ್ ಬಂದರೂ ಎದುರು ಬಂದು ನಿಲ್ಲುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಬಂದು, ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಿಗೆ ಬರುವಷ್ಟರಲ್ಲಿ ಹೊರಟುಹೋಗುತ್ತದೆ. ಥರ್ಮಾಮೀಟರು 21 ಡಿಗ್ರಿಗೆ ಇಳಿಯಿತೋ, ಶಕ್ತಿನಗರದಲ್ಲಿ ಬೆಳಗಿನ ವಾಕಿಂಗಿಗೆ ಹೊರಟ ಅಜ್ಜಂದಿರೆಲ್ಲ ಮಫ್ಲರ್ ಸುತ್ತಿಕೊಂಡಾಯಿತು. ಬೀದರಿನಲ್ಲೋ ಮಡಿಕೇರಿಯಲ್ಲೋ ಕುಳಿತು ಇದನ್ನು ಓದುತ್ತಿರುವ ಮಕ್ಕಳಿಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಇದ್ದಷ್ಟು ಚಳಿಯಲ್ಲಿ ನಾವೂ ಸಂಭ್ರಮಪಡಬೇಕಲ್ಲ! ಮದುವೆ, ಶಾಲೆಯ ವಾರ್ಷಿಕೋತ್ಸವ, ಕ್ರಿಸ್ಮಸ್, ಬಯಲಾಟ, ಕೋಲ ಎಲ್ಲ ಈ ತಿಂಗಳುಗಳಲ್ಲೇ ಒಟ್ಟಾಗಿ ಬರುತ್ತವೆ. ಬೀರುವಿನ ಮೂಲೆಯಲ್ಲಿದ್ದ ಸೆಂಟಿನ ಬಾಟಲಿಗಳು ಹೊರಗೆ ಬರುವ ಕಾಲವೂ ಇದೇ.

ಈ ಸಲ ನಮ್ಮ ಮನೆಯಲ್ಲಿ ಎರಡು ಬಾಟಲಿಗಳದ್ದೇ ದೊಡ್ಡ ಚರ್ಚೆ. ಒಂದು ದುಬೈಯಿಂದ ಅಳಿಯ ತಂದ ಊದ್. ಇನ್ನೊಂದು ಬಂದರಿನ ಕಡೆಯ ಅತ್ತರಿನ ಅಂಗಡಿಯಿಂದ ನಾನೇ ತಂದ ಕೇದಗೆ. ಎರಡೂ ಸಾಧು ಸ್ವಭಾವದವಲ್ಲ. ಮಲ್ಲಿಗೆ ಬೇಡ ಎಂದು ಮೂಗು ಮುಚ್ಚಿಕೊಂಡವರನ್ನು ನಾನು ಅಷ್ಟಾಗಿ ಕಂಡಿಲ್ಲ. ಆದರೆ ಊದ್ ಮತ್ತು ಕೇದಗೆಯ ವಿಷಯದಲ್ಲಿ ನಡುವಿನ ದಾರಿ ಎಂಬುದೇ ಇಲ್ಲ. ಇಷ್ಟವಾದವರು ಇನ್ನೊಮ್ಮೆ ಮೂಸುತ್ತಾರೆ, ಆಗದವರು ಎದ್ದು ಹೋಗಿ ಕಿಟಕಿ ತೆರೆಯುತ್ತಾರೆ. ಆರನೇ ತರಗತಿಯ ನಮ್ಮ ಮೊಮ್ಮಗಳಿಗೆ ಊದ್ ಇಷ್ಟ. "ಹಟ್ಟಿಯೊಳಗೆ ಊದುಬತ್ತಿ ಹಚ್ಚಿದ ಹಾಗೆ ಉಂಟು ಅಜ್ಜಿ, ಅದಕ್ಕೇ ಚಂದ" ಎನ್ನುತ್ತಾಳೆ. ಕೇದಗೆಯ ಮುಚ್ಚಳ ತೆಗೆದರೆ ಸಾಕು, "ರಬ್ಬರಿಗೆ ಜೇನು ಸವರಿದ್ದಾರೆ, ತಲೆನೋವು" ಎಂದು ಹೊರಗೆ ಓಡುತ್ತಾಳೆ. ನನಗೆ ಕೇದಗೆಯೇ ಪ್ರಾಣ. ಮಗಳಿಗೆ ಎರಡೂ ಆಗದು. ಅವಳು ನಡುವೆ ಬಾಯಿ ಹಾಕುವುದಿಲ್ಲ, ಫ್ಯಾನ್ ಮಾತ್ರ ಜೋರು ಮಾಡುತ್ತಾಳೆ.

ಮೊಮ್ಮಗಳು ಹೇಳಿದ ಊದುಬತ್ತಿಯಲ್ಲಿ ಒಂದು ಗುಟ್ಟು ಇದೆ ಮಕ್ಕಳೇ. ಊದುಬತ್ತಿಯ 'ಊದು' ಎಂದರೆ ಬಾಯಿಂದ ಊದುವುದಲ್ಲ. ಅದು ಅರಬ್ಬೀ ಭಾಷೆಯ ಊದ್. ಆ ಭಾಷೆಯಲ್ಲಿ ಅದಕ್ಕೆ ಮರ, ಕಟ್ಟಿಗೆ ಎಂಬ ಅರ್ಥ. ಅದೇ ಪರಿಮಳದ ಕಟ್ಟಿಗೆಗೆ ನಮ್ಮ ಹಳೆಯ ಹೆಸರು ಅಗರು. ಅಗರಬತ್ತಿ ಬಂದದ್ದು ಅಲ್ಲಿಂದ. ಅಂಗಡಿಯಲ್ಲಿ ಒಬ್ಬರು ಊದುಬತ್ತಿ ಕೇಳಿದರೂ ಇನ್ನೊಬ್ಬರು ಅಗರಬತ್ತಿ ಕೇಳಿದರೂ ಇಬ್ಬರೂ ಹೇಳುವುದು ಒಂದೇ ಮರದ ಹೆಸರು. ಈಗಿನ ಕಡ್ಡಿಗಳಲ್ಲಿ ಆ ಮರ ಇರುವುದು ಅಪರೂಪ, ಹೆಸರು ಮಾತ್ರ ಉಳಿದಿದೆ.

ಆ ಮರದ ಕತೆ ವಿಚಿತ್ರವಾದದ್ದು. ಅಸ್ಸಾಮಿನಲ್ಲಿ ಅದನ್ನು ಸಾಂಚಿ ಎನ್ನುತ್ತಾರೆ. ಕಾಗದ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಅಲ್ಲಿಯವರು ಅದರ ತೊಗಟೆಯನ್ನು ಹದ ಮಾಡಿ ಪುಸ್ತಕ ಬರೆಯುತ್ತಿದ್ದರು, ನಮ್ಮಲ್ಲಿ ತಾಳೆಗರಿಯ ಮೇಲೆ ಬರೆದ ಹಾಗೆ. ಆರೋಗ್ಯವಾಗಿರುವ ಸಾಂಚಿ ಮರವನ್ನು ಕಡಿದರೆ ಒಳಗೆ ಬಿಳಿಚಿಕೊಂಡ ಹಗುರ ಕಟ್ಟಿಗೆ, ಪರಿಮಳ ಎಂಬುದೇ ಇಲ್ಲ. ಹುಳು ಕೊರೆದೋ ಕೊಂಬೆ ಮುರಿದೋ ಗಾಯವಾಗಿ, ಆ ಗಾಯಕ್ಕೆ ಒಂದು ಬಗೆಯ ಶಿಲೀಂಧ್ರ ಹತ್ತಿದರೆ, ಮರ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳವನ್ನು ತುಂಬಿಕೊಳ್ಳುತ್ತದೆ. ಆ ರಾಳ ತುಂಬಿದ ಕಟ್ಟಿಗೆಯೇ ಅಗರು. ಹೊರಗಿನಿಂದ ನೋಡಿ ಯಾವ ಮರದ ಹೊಟ್ಟೆಯಲ್ಲಿ ಅದು ಇದೆ ಎಂದು ಹೇಳುವುದು ಸುಲಭವಲ್ಲ. ಜನ ಸುಮ್ಮನೆ ಕಡಿಯುತ್ತಾ ಹೋದರು. ಕಾಡಿನಲ್ಲಿ ಮರಗಳೇ ಕಡಿಮೆಯಾಗಿ, 1995ರಿಂದ ನಮ್ಮ ಈಶಾನ್ಯ ರಾಜ್ಯಗಳಲ್ಲಿ ಬೆಳೆಯುವ ಜಾತಿಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂತು. ಈಗ ತೋಟಗಳಲ್ಲಿ ಬೆಳೆಸುತ್ತಾರೆ. ಅಸ್ಸಾಮಿನ ಹೊಜಾಯಿ ಇದರ ವ್ಯಾಪಾರಕ್ಕೆ ಹೆಸರಾದ ಊರು. ನಮ್ಮ ಶೃಂಗೇರಿ, ಕೊಪ್ಪದ ಕಡೆ ಅಡಿಕೆ ತೋಟಗಳ ನಡುವೆಯೂ ನೆಟ್ಟವರಿದ್ದಾರೆ.

ಕೇದಗೆಯನ್ನು ನಾವು ಅಷ್ಟು ದೂರ ಹುಡುಕಿ ಹೋಗಬೇಕಾಗಿಲ್ಲ. ತೋಡಿನ ಬದಿ, ಹಿನ್ನೀರಿನ ಅಂಚು, ಗದ್ದೆಯ ಮೂಲೆ ಎಲ್ಲೆಂದರಲ್ಲಿ ಅದರ ಪೊದೆ ಇತ್ತು. ಎಲೆಯ ಎರಡೂ ಅಂಚಿಗೆ ಗರಗಸದಂಥ ಮುಳ್ಳು. ಇದೇ ಕುಲದ ಗಿಡಗಳ ಓಲೆಯಿಂದ ಚಾಪೆ ಹೆಣೆಯುತ್ತಾರೆ. ಪರಿಮಳ ಇರುವುದು ಗಂಡು ಗಿಡದ ಹೂವಿಗೆ. ಹೂವನ್ನು ಸುತ್ತಿಕೊಂಡಿರುವ ಕೆನೆಬಣ್ಣದ ಗರಿಗಳನ್ನು ಹೆಂಗಸರು ಜಡೆಗೆ ಮುಡಿಯುತ್ತಿದ್ದರು, ಬಾಡಿದ ಮೇಲೆ ಸೀರೆಯ ಪೆಟ್ಟಿಗೆಗೆ ಹಾಕುತ್ತಿದ್ದರು. ಪೆಟ್ಟಿಗೆ ತೆರೆದಾಗಲೆಲ್ಲ ಹಳೇ ಮಳೆಗಾಲದ ವಾಸನೆ. ಒಡಿಶಾದ ಗಂಜಾಂ ಜಿಲ್ಲೆಯ ಕರಾವಳಿಯಲ್ಲಿ ಈ ಹೂವೇ ಹಲವರ ಜೀವನೋಪಾಯ. ಹೂವನ್ನು ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಕುದಿಸಿ, ಆವಿಯನ್ನು ಇನ್ನೊಂದು ಪಾತ್ರೆಗೆ ಇಳಿಸಿ ತಂಪು ಮಾಡುತ್ತಾರೆ. ಆ ಪಾತ್ರೆಯಲ್ಲಿ ಮೊದಲೇ ಗಂಧದೆಣ್ಣೆ ಇದ್ದರೆ ಹೂವಿನ ಸಾರವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಅತ್ತರು. ಗಂಧ ದುಬಾರಿಯಾದ ಮೇಲೆ ಬೇರೆ ಅಗ್ಗದ ಎಣ್ಣೆಗಳೂ ಬಳಕೆಗೆ ಬಂದಿವೆ. ಬಿರಿಯಾನಿಗೂ ಸಿಹಿತಿಂಡಿಗೂ ನಾಲ್ಕು ಹನಿ ಹಾಕುವ ಕೇವ್ಡಾ ನೀರು ಕೂಡ ಇದೇ ಹೂವಿನದ್ದು. ಕೇದಗೆ ಆಗದು ಎಂದು ಓಡುವ ನಮ್ಮ ಮೊಮ್ಮಗಳು ಬಿರಿಯಾನಿಯನ್ನು ಎರಡು ಸಲ ಹಾಕಿಸಿಕೊಳ್ಳುತ್ತಾಳೆ. ನಾನು ಬಾಯಿ ಬಿಟ್ಟಿಲ್ಲ.

ಈ ಹೂವಿನ ಮೇಲೆ ಪುರಾಣದಲ್ಲಿ ಒಂದು ಅಪವಾದವೂ ಇದೆ. ಆದಿ ಅಂತ್ಯವಿಲ್ಲದ ಬೆಳಕಿನ ಕಂಬವಾಗಿ ಶಿವ ನಿಂತಾಗ, ತುದಿ ನೋಡಿ ಬಂದೆ ಎಂದು ಬ್ರಹ್ಮ ಹೇಳಿದನಂತೆ, ಹೌದು ನಾನು ನೋಡಿದ್ದೇನೆ ಎಂದು ಕೇದಗೆ ಸುಳ್ಳು ಸಾಕ್ಷಿ ಹೇಳಿತಂತೆ. ಅಂದಿನಿಂದ ಶಿವಪೂಜೆಗೆ ಅದು ಇಲ್ಲ. ಆದರೆ ತುಳುನಾಡಿನಲ್ಲಿ ನಾಗನಿಗೆ ಕೇದಗೆ ಎಂದರೆ ಬಲು ಪ್ರೀತಿ. ನಮ್ಮ ಶಕ್ತಿನಗರಕ್ಕೆ ಹತ್ತಿರದ ಕುಡುಪು ಅನಂತಪದ್ಮನಾಭ ದೇವಸ್ಥಾನಕ್ಕೆ ನಾಗರಪಂಚಮಿಯ ದಿನ ಹೋಗಿ ನೋಡಿ. ಸೀಯಾಳ, ಹಿಂಗಾರ, ಸಂಪಿಗೆಯ ಜತೆ ಕೇದಗೆಯ ರಾಶಿ. ಒಬ್ಬರು ಬೇಡ ಎಂದದ್ದನ್ನು ಇನ್ನೊಬ್ಬರು ಕೈಚಾಚಿ ತೆಗೆದುಕೊಳ್ಳುವುದು ದೇವರ ಲೋಕದಲ್ಲೂ ಇರುವಾಗ, ಅಜ್ಜಿ ಮೊಮ್ಮಗಳು ಜಗಳ ಮಾಡಿದರೆ ಆಶ್ಚರ್ಯವೇನು?

ಮನುಷ್ಯರ ಮೂಗಿನ ಮಟ್ಟಿಗೆ ಇದಕ್ಕೆ ವಿಜ್ಞಾನಿಗಳ ಉತ್ತರವೂ ಇದೆ. ನಮ್ಮ ಮೂಗಿನ ಮೇಲ್ಭಾಗದಲ್ಲಿ ವಾಸನೆಯ ಕಣಗಳನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಬೀಗದ ಕಿಂಡಿಗಳು ಎಂದುಕೊಳ್ಳಿ. ಇವುಗಳ ಗುಟ್ಟು ಬಿಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಎಲ್ಲರ ಮೂಗಿನಲ್ಲೂ ಈ ಕಿಂಡಿಗಳು ಒಂದೇ ಅಚ್ಚಿನವಲ್ಲ. ಬೆವರಿನಲ್ಲಿರುವ ಆಂಡ್ರೊಸ್ಟೀನೋನ್ ಎಂಬ ವಸ್ತುವನ್ನು ಮೂಸಿದರೆ ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ಹೂವಿನಂಥ ಸಿಹಿ ವಾಸನೆ, ಇನ್ನು ಕೆಲವರಿಗೆ ಏನೂ ಇಲ್ಲ! ಇದಕ್ಕೆ ಒಂದು ಗ್ರಾಹಕದ ವಂಶವಾಹಿಯಲ್ಲಿರುವ ವ್ಯತ್ಯಾಸವೂ ಕಾರಣ ಎಂದು 2007ರಲ್ಲಿ ಪತ್ತೆಯಾಯಿತು. ಒಣಮೀನು ಸುಟ್ಟಾಗ ಒಬ್ಬರಿಗೆ ಹಸಿವಾಗುವುದು, ಪಕ್ಕದವರು ಬಾಗಿಲು ಹಾಕಿಕೊಳ್ಳುವುದು ನಮ್ಮ ಊರಿನಲ್ಲಿ ಎಲ್ಲರೂ ನೋಡಿದ್ದೇ. ಅದರಲ್ಲಿ ಅಭ್ಯಾಸದ ಪಾಲು ದೊಡ್ಡದು, ಆದರೆ ಮೂಗಿನ ಪಾಲೂ ಇದೆ. ಹಾಗಾಗಿ "ಇಷ್ಟು ಒಳ್ಳೆಯ ಪರಿಮಳ ನಿನಗೆ ಯಾಕೆ ಹಿಡಿಸುವುದಿಲ್ಲ?" ಎಂದು ಮಕ್ಕಳನ್ನು ಗದರಿಸಿ ಪ್ರಯೋಜನವಿಲ್ಲ. ಅವರಿಗೆ ಬರುತ್ತಿರುವ ವಾಸನೆಯೇ ಬೇರೆ ಇರಬಹುದು.

ಅಳಿಯನಿಗೆ ಊದ್ ಮಾರಿದವರು ಇದು ಚಳಿಗಾಲದ ಸಂಜೆಗೆಂದೇ ಇರುವ ಸೆಂಟು ಎಂದು ಹೇಳಿ ಕಳುಹಿಸಿದ್ದರು. ಚಳಿಗೂ ಸೆಂಟಿಗೂ ಏನು ಸಂಬಂಧ ಎಂದು ಮೊಮ್ಮಗಳು ಕೇಳಿದಳು. ಹೇಳುವ ಬದಲು ಮಾಡಿ ನೋಡಿದೆವು. ನೀವೂ ಮಾಡಬಹುದು. ಬಿಳಿ ಕಾಗದದ ಎರಡು ಪಟ್ಟಿಗೆ ಒಂದೊಂದು ಹನಿ ಊದ್ ಹಾಕಿ, ಒಂದನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ ಫ್ರೀಜರಿನಲ್ಲಿ ಇಟ್ಟೆವು, ಇನ್ನೊಂದನ್ನು ಅಂಥದ್ದೇ ಡಬ್ಬಿಯಲ್ಲಿ ಮೇಜಿನ ಮೇಲೆ. ಒಂದು ಗಂಟೆಯ ನಂತರ ತೆರೆದರೆ, ಮೇಜಿನ ಮೇಲಿನದ್ದು ಮೂಗಿಗೆ ಗುದ್ದಿತು. ಫ್ರೀಜರಿನದ್ದು ಸತ್ತ ಹಾಗೆ ಮಲಗಿತ್ತು. ಎರಡು ನಿಮಿಷ ಅಂಗೈಯಲ್ಲಿ ಹಿಡಿದ ಮೇಲೆ ಅದೂ ಎಚ್ಚರವಾಯಿತು. ತಂಪಿನಲ್ಲಿ ಕಣಗಳು ಗಾಳಿಗೆ ಹಾರುವುದು ಕಡಿಮೆ, ಬಿಸಿಯಲ್ಲಿ ಹೆಚ್ಚು. ನಿಜವಾದ ಚಳಿ ಇರುವ ಊರಿನಲ್ಲಿ ಸಪ್ಪೆ ಸೆಂಟು ಕೋಟಿನ ಒಳಗೇ ಉಳಿದುಬಿಡುತ್ತದೆ, ಅದಕ್ಕೆ ಅಲ್ಲಿ ಭಾರೀ ಪರಿಮಳಗಳು ಬೇಕು. ನಮ್ಮಲ್ಲಿ ಡಿಸೆಂಬರಿನ ಸಂಜೆ ಏಳು ಗಂಟೆಗೂ ಫ್ಯಾನು ತಿರುಗುತ್ತಿರುತ್ತದೆ. ಅಲ್ಲಿ ನಾಲ್ಕು ಹನಿ ಮಾಡುವ ಕೆಲಸಕ್ಕೆ ಇಲ್ಲಿ ಒಂದು ಹನಿ ಧಾರಾಳ.

ಇನ್ನೊಂದು ಸಂಗತಿ ನನ್ನ ಓರಗೆಯವರಿಗೆ. ಒಂದೇ ವಾಸನೆ ನಿರಂತರವಾಗಿ ಬರುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮೂಗು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಡುತ್ತದೆ. ಹಚ್ಚಿಕೊಂಡವರಿಗೆ 'ಹೋಯಿತು' ಅನಿಸಿದಾಗ ಪಕ್ಕದವರಿಗೆ ಹಾಗೇ ಇರುತ್ತದೆ. ಅದರ ಮೇಲೆ ವಯಸ್ಸು. ಅರುವತ್ತು ಎಪ್ಪತ್ತು ದಾಟಿದಂತೆ ಕಣ್ಣು ಕಿವಿಯ ಹಾಗೆ ಮೂಗೂ ಮಂದವಾಗುತ್ತದೆ. ಕಣ್ಣಿಗೆ ಕನ್ನಡಕ ಬಂತೆಂದು ಗೊತ್ತಾಗುತ್ತದೆ, ಮೂಗಿನದ್ದು ಗೊತ್ತೇ ಆಗುವುದಿಲ್ಲ. ಹಾಗಾಗಿ ಎಷ್ಟು ಹಚ್ಚಬೇಕು ಎಂಬ ತೀರ್ಪು ಮನೆಯ ಅತಿ ಸಣ್ಣ ಮೂಗಿನದ್ದಾಗಿರಲಿ. ನಮ್ಮಲ್ಲಿ ಆ ಅಧಿಕಾರ ಆರನೇ ತರಗತಿಯವಳಿಗೆ.

ಈಗ ನಾನು ಕೇದಗೆಯ ಅತ್ತರನ್ನು ಯಾಕೆ ತಂದೆ ಎಂದು ಹೇಳಬೇಕು. ನನ್ನ ಯಜಮಾನರಿಗೆ ಒಂದು ದೊಡ್ಡ ಜ್ವರ ಬಂದು ಹೋದಾಗ ಮೂಗನ್ನೂ ಜತೆಗೆ ಕೊಂಡುಹೋಯಿತು. ಕಾಫಿ ಬರೀ ಬಿಸಿನೀರು, ಒಗ್ಗರಣೆ ಬರೀ ಸದ್ದು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ, ಬತ್ತಿ, ತಳ ಹಿಡಿದು ಕರಕಾಗುವಾಗ ಅವರು ನಾಲ್ಕು ಅಡಿ ದೂರದಲ್ಲಿ ಪೇಪರ್ ಓದುತ್ತಾ ಕುಳಿತಿದ್ದರು. ಅಡುಗೆಯ ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಕೊಳೆತ ಎಲೆಕೋಸಿನಂಥ ನಾತದ ಒಂದು ರಾಸಾಯನಿಕವನ್ನು ಅದಕ್ಕೆ ಬೆರೆಸುತ್ತಾರೆ. ಮೂಗೇ ಇಲ್ಲದವರಿಗೆ ಆ ಎಚ್ಚರಿಕೆ ಕೇಳುವುದು ಹೇಗೆ? ಮರುದಿನವೇ ಅಡುಗೆಮನೆಯಲ್ಲಿ ಗ್ಯಾಸು ಸೋರಿದರೆ ಕೂಗುವ ಅಲಾರಂ ಹಾಕಿಸಿದೆವು. ಹಿರಿಯರು ಒಂಟಿಯಾಗಿರುವ ಮನೆಗಳಲ್ಲಿ ಇದನ್ನು ದಯವಿಟ್ಟು ಹಾಕಿಸಿ.

ಮೂಗಿನ ಡಾಕ್ಟರು ಮಾತ್ರೆಗಿಂತ ಹೆಚ್ಚಾಗಿ ಒಂದು ಪಾಠ ಕೊಟ್ಟರು. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಥಾಮಸ್ ಹುಮೆಲ್ ಎಂಬ ವೈದ್ಯರೂ ಅವರ ಜತೆಗಾರರೂ 2009ರಲ್ಲಿ ಪ್ರಕಟಿಸಿದ ಕ್ರಮ ಅದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆ ಎರಡು ಸಲ, ಮನಸ್ಸಿಟ್ಟು, 12 ವಾರ ಮೂಸುವುದು. ಎಲ್ಲರಿಗೂ ಮೂಗು ಮರಳುತ್ತದೆ ಎಂದಲ್ಲ, ಕೆಲವರಿಗೆ ಸುಧಾರಿಸುತ್ತದೆ. ನಮ್ಮ ಮನೆಯಲ್ಲಿ ಮಗ್ಗಿ ಕಲಿಸಿದ ಹಾಗೆ ಮೊಮ್ಮಗಳು ಅಜ್ಜನಿಗೆ ಮೂಸುವುದನ್ನು ಕಲಿಸಿದಳು. ಕಣ್ಣು ಮುಚ್ಚಿಸಿ ಡಬ್ಬಿ ಹಿಡಿದು, ತಪ್ಪು ಹೇಳಿದರೆ ಒಂದು ಸುತ್ತು ಹೆಚ್ಚು. ಎಂಟನೇ ವಾರ ಲವಂಗ ಬಂತು. ನಿಂಬೆ ಬಂದೂ ಬಾರದ ಹಾಗೆ. ಗುಲಾಬಿ ಬರಲೇ ಇಲ್ಲ. ಆಗ ನಾನು ಅಂದುಕೊಂಡೆ, ಮೆಲುದನಿಯ ಪರಿಮಳ ಕೇಳಿಸದವರಿಗೆ ಜೋರು ದನಿಯದ್ದನ್ನು ಕೊಟ್ಟು ನೋಡಬಾರದೇಕೆ?

ಹಾಗೆ ಒಂದು ಭಾನುವಾರ ಮಧ್ಯಾಹ್ನ ಎರಡೂ ಬಾಟಲಿಗಳನ್ನು ಅಜ್ಜನ ಮುಂದೆ ಇಟ್ಟೆವು. ಹತ್ತಿಗೆ ಒಂದು ಹನಿ ಊದ್ ಹಾಕಿ ಹಿಡಿದರೆ, "ಎಂತದೋ ಉಂಟು. ಎದೆಗೆ ತಾಗುತ್ತದೆ. ಹೆಸರು ಗೊತ್ತಾಗುವುದಿಲ್ಲ" ಎಂದರು. ಹೊರಗೆ ಹೋಗಿ ಗಾಳಿ ಕುಡಿದು ಬಂದ ಮೇಲೆ ಕೇದಗೆ ಹಿಡಿದೆವು. ಬಹಳ ಹೊತ್ತು ಮಾತಿಲ್ಲ. ಮೊಮ್ಮಗಳು ಮೂಗು ಮುಚ್ಚಿಕೊಂಡೇ ಕಾಯುತ್ತಿದ್ದಳು.

"ತೋಡು" ಎಂದರು ಅವರು.

"ತೋಡು ಅಲ್ಲ ಅಜ್ಜ, ಅದು ಕೇದಗೆ" ಎಂದು ಅವಳು ಮುಚ್ಚಿದ ಮೂಗಿನಲ್ಲೇ ತಿದ್ದಿದಳು. ಅವರ ಹುಟ್ಟಿದ ಮನೆಯ ತೋಡಿನ ಬದಿಯಲ್ಲಿ ಕೇದಗೆಯ ಪೊದೆ ಇದ್ದದ್ದು, ಆಟಿಯ ಮಳೆಯಲ್ಲಿ ಹೂ ಕೀಳಲು ಹೋಗಿ ಅಂಗೈ ಹರಿದುಕೊಂಡದ್ದು, ಪೊದೆಯಲ್ಲಿ ಹಾವು ಉಂಟು ಎಂದು ಅವರ ಅಮ್ಮ ಹೆದರಿಸುತ್ತಿದ್ದದ್ದು ಎಲ್ಲ ಒಂದರ ಹಿಂದೆ ಒಂದು ಬಂತು. ಮದುವೆಯಾಗಿ ಇಷ್ಟು ವರ್ಷವಾದರೂ ಅಂಗೈಯ ಆ ಗೀರಿನ ಕತೆ ನನಗೇ ಗೊತ್ತಿರಲಿಲ್ಲ.

ಆ ವಾರದ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು, ಸಂಜೆಗೆ ಯಾವುದನ್ನು ಹಾಕುವುದು? ಅಂದು ತಿಂಗಳ ಮೊದಲ ಭಾನುವಾರ. ನಮ್ಮ ಶಕ್ತಿನಗರದ ಮಕಾಳೆಯಲ್ಲಿ ಕಲಾಂಗಣ್ ಎಂಬ ಬಯಲು ರಂಗಮಂದಿರವಿದೆ. 1986ರಲ್ಲಿ ಆರಂಭವಾದ ಮಾಂಡ್ ಸೊಭಾಣ್ ಎಂಬ ಕೊಂಕಣಿ ಸಂಸ್ಥೆಯದ್ದು. 2008ರ ಜನವರಿಯಲ್ಲಿ 40 ಗಂಟೆ ನಿಲ್ಲದೆ ಕೊಂಕಣಿ ಹಾಡು ಹಾಡಿ ಗಿನ್ನೆಸ್ ದಾಖಲೆ ಮಾಡಿದವರು ಇವರೇ. ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಅಲ್ಲಿ 'ಮ್ಹಯ್ನ್ಯಾಳಿ ಮಾಂಚಿ', ಅಂದರೆ ತಿಂಗಳ ವೇದಿಕೆ. ಹಾಡೋ ನಾಟಕವೋ ಕುಣಿತವೋ ಏನಾದರೂ ಇರುತ್ತದೆ. ನಮ್ಮ ಮನೆಮಾತು ಕೊಂಕಣಿಯಲ್ಲ, ಆದರೂ ಹೋಗುತ್ತೇವೆ. ಹಾಡಿಗೆ ಅಷ್ಟು ಭಾಷೆ ಸಾಕು.

ನನ್ನ ತೀರ್ಮಾನ ಹೀಗಿತ್ತು. ಎ.ಸಿ. ಹಾಲ್, ಬಸ್ಸು, ಕಾರು, ಆಸ್ಪತ್ರೆ, ತರಗತಿ, ಇಲ್ಲಿಗೆ ಎರಡೂ ಬೇಡ. ಮುಚ್ಚಿದ ಜಾಗದಲ್ಲಿ ಪಕ್ಕದವರಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇರುವುದಿಲ್ಲ. ದಮ್ಮು ಇರುವವರಿಗೆ ಜೋರಾದ ಸೆಂಟಿನಿಂದ ಉಸಿರು ಕಟ್ಟುವುದೂ ಉಂಟು. ಬಯಲಿಗೆ ಹೋಗುವಾಗ ಕೇದಗೆ ಆಗಬಹುದು. ಮೈಗೆ ಬೇಡ, ಕರವಸ್ತ್ರಕ್ಕೆ ಒಂದು ಹನಿ. ಹಿಂದೆ ಕೆಲವು ಹಿರಿಯರು ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದರು, ಅದೂ ಒಳ್ಳೆಯ ಉಪಾಯವೇ. ಊದ್ ಆದರೆ ನೇರವಾಗಿ ಹಚ್ಚದೆ, ಹನಿ ಹಾಕಿದ ಹತ್ತಿಯನ್ನು ಒಂದು ರಾತ್ರಿ ಬೀರುವಿನ ಬಟ್ಟೆಗಳ ನಡುವೆ ಇಟ್ಟು ತೆಗೆದರೆ, ಉಳಿದ ವಾಸನೆ ಹಟ್ಟಿಯದ್ದಾಗಿರದೆ ಹಳೆಯ ಮರದ ಪೆಟ್ಟಿಗೆಯದ್ದಾಗಿರುತ್ತದೆ. ಹಾಗೆ ಹದವಾದ ಊದ್ ನನಗೂ ಇಷ್ಟವೇ, ಈ ಮಾತನ್ನು ಮೊಮ್ಮಗಳಿಗೆ ಹೇಳುವ ಅವಸರವಿಲ್ಲ. ಯಾವ ಅತ್ತರನ್ನೂ ಒಲೆ, ದೀಪದ ಹತ್ತಿರ ತರಬೇಡಿ. ಸಣ್ಣ ಮಕ್ಕಳ ಚರ್ಮಕ್ಕೆ ಹಚ್ಚಬೇಡಿ.

"ಅಂದರೆ ಇವತ್ತು ಕೇದಗೆ ಗೆದ್ದ ಹಾಗೆ. ನನಗೆ ತಲೆನೋವು ಬಂದರೆ?" ಎಂದಳು ನ್ಯಾಯಾಧೀಶೆ. ನ್ಯಾಯವಾದ ಪ್ರಶ್ನೆಯೇ. ಅಂಗಳಕ್ಕೆ ಕರೆದುಕೊಂಡು ಹೋಗಿ ಒಂದು ಊದುಬತ್ತಿ ಹಚ್ಚಿ ಕೊಟ್ಟೆ, ಹೊಗೆ ಯಾವ ಕಡೆ ಹೋಗುತ್ತದೆ ನೋಡು ಎಂದೆ. ಹೊಗೆ ಪೂರ್ವಕ್ಕೆ ವಾಲಿತು, ಸಮುದ್ರದ ಕಡೆಯ ಗಾಳಿ ಇನ್ನೂ ನಿಂತಿರಲಿಲ್ಲ. ಹಾಗಾದರೆ ಪಶ್ಚಿಮದ ಬದಿಯಲ್ಲಿ ಕುಳಿತವರಿಗೆ ಅಜ್ಜನ ಕರವಸ್ತ್ರದ ವಾಸನೆ ತಾಗುವುದಿಲ್ಲ ಎಂಬ ಲೆಕ್ಕವನ್ನು ಅವಳೇ ಮಾಡಿದಳು. ಅಳತೆಯನ್ನೂ ಅವಳೇ ನೋಡಿದಳು. ಕರವಸ್ತ್ರವನ್ನು ಒಂದು ಕೈ ದೂರ ಹಿಡಿದು, "ಸಾಕು, ಇದಕ್ಕಿಂತ ಹೆಚ್ಚು ಆಗದು" ಎಂದು ಬಾಟಲಿಯ ಮುಚ್ಚಳ ತಿರುಗಿಸಿಯೇ ಬಿಟ್ಟಳು. ಅವಳ ದುಪಟ್ಟಾಕ್ಕೆ ಬೀರುವಿನಲ್ಲಿ ಮಲಗಿದ್ದ ಊದ್.

ಕಲಾಂಗಣಿನಲ್ಲಿ ನಾವು ಮೂವರೂ ಗಾಳಿಯ ಲೆಕ್ಕದಲ್ಲೇ ಕುಳಿತೆವು. ಪಶ್ಚಿಮಕ್ಕೆ ಅವಳು, ನಡುವೆ ನಾನು, ಆಚೆ ಅವರು. ಹಾಡು ಶುರುವಾಗಿ ಅರ್ಧ ಗಂಟೆಯಾದಾಗ ಚಳಿ ಎನ್ನಬಹುದಾದ ಒಂದು ತಂಪು ನಿಜವಾಗಿಯೂ ಬಂತು. ಗಾಳಿಯ ಕಡೆಗೆ ಕುಳಿತಿದ್ದ ಒಬ್ಬ ಬಾಯಿ, ನಮ್ಮದೇ ವಯಸ್ಸಿನವರು, ಎರಡು ಸಲ ಸುತ್ತ ನೋಡಿ, ನನ್ನ ಮುಡಿಯನ್ನೂ ನೋಡಿ, "ಈ ಸಮಯದಲ್ಲಿ ಕೇದಗೆ ಎಲ್ಲಿಂದ ಬಂತು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಕರವಸ್ತ್ರ ಮೂಗಿಗೆ ಹಿಡಿದು ನೋಡಿ, "ನಮ್ಮ ಮನೆಯ ತೋಡಿನಿಂದ" ಎಂದರು.